ಉಗುರುಬೆಚ್ಚಗಿನ ನೀರಿನಲ್ಲಿ ಎಂಟು ಮೊಟ್ಟೆಗಳು

ಸಿಂದಗಿ
9 ಜನವರಿ 2025, ಗುರುವಾರ

ಪ್ರೀತಿಯ ಕಸ್ತೂರಿ ಕಾಕು,

ನಿಮ್ಮ ಡಬ್ಬಿ ಕೈಗೆ ಬಂತು. ಕಂಡಕ್ಟರ್ ನಬಿಲಾಲ ಅದನ್ನು ತನ್ನ ಸೀಟಿನ ಮೇಲೆ ಇಟ್ಟು, ಹೂವಿನ ಹಿಪ್ಪರಗಿಯಿಂದ ಸಿಂದಗಿಯವರೆಗೆ ತಾನು ನಿಂತೇ ಬಂದನಂತೆ. ಜೋಳದ ಹೊಟ್ಟಿನಲ್ಲಿ ಹನ್ನೆರಡು ಮೊಟ್ಟೆ, ಒಂದಕ್ಕೂ ಕೂದಲೆಳೆಯಷ್ಟು ಬಿರುಕಿಲ್ಲ.

ಇದನ್ನು ಫೋನ್ ಮಾಡಿಯೇ ಹೇಳಬಹುದಿತ್ತು. ಆದರೆ ನಿಮಗೆ ಕಿವಿ ಕೇಳಿಸುವುದಿಲ್ಲ, ಫೋನ್ ಎತ್ತುವವರು ಪರಪ್ಪ ಕಾಕಾ. "ಹೂಂ, ಹೇಳ್ತೇನಿ ಬಿಡವಾ" ಎಂದು ಇಟ್ಟುಬಿಡುತ್ತಾರೆ. ನಿಮ್ಮ ಮನೆಯಲ್ಲಿ ಮೂರು ವರ್ಷ ಬಾಡಿಗೆಗಿದ್ದವಳು ನಾನು, ಅವರು ಹೇಳುವುದಿಲ್ಲವೆಂದು ಬಲ್ಲೆ. ಅದಕ್ಕೇ ಪತ್ರ.

ವರ್ಗವಾಗಿ ಈ ಹೆಣ್ಣುಮಕ್ಕಳ ವಸತಿ ಶಾಲೆಗೆ ಬಂದಾಗಿನಿಂದ ವಿಜ್ಞಾನವನ್ನು ಪುಸ್ತಕದಿಂದ ಹೊರಗೆ ತರಲು ಒದ್ದಾಡುತ್ತಿದ್ದೇನೆ. ಎಂಟನೇ ಇಯತ್ತೆಯ ಹುಡುಗಿಯರು ಥರ್ಮಾಕೋಲ್ ಪೆಟ್ಟಿಗೆಗೆ ಕಿಟಕಿ ಕೊರೆದು ಗಾಜು ಕೂರಿಸಿದ್ದಾರೆ. ಒಳಗೆ ಒಂದು ಬಲ್ಬು, ಒಂದು ಬಟ್ಟಲು ನೀರು, ಶಾಖ ಹೆಚ್ಚಾದರೆ ಬಲ್ಬನ್ನು ಆರಿಸುವ ಒಂದು ಚಿಕ್ಕ ಯಂತ್ರ. ಪ್ರತಿ ಮೊಟ್ಟೆಯ ಒಂದು ಮಗ್ಗುಲಿಗೆ ಪೆನ್ಸಿಲ್‌ನಿಂದ ಸೂರ್ಯ, ಇನ್ನೊಂದಕ್ಕೆ ಚಂದ್ರ ಬರೆದಿದ್ದೇವೆ. ದಿನಕ್ಕೆ ಐದು ಸಲ ತಿರುಗಿಸಲು ಪಾಳಿ ಹಚ್ಚಿದ್ದಾಗಿದೆ, ಜಗಳವೂ ಆಗಿದೆ.

ನಗಬೇಡಿ, ಹನ್ನೆರಡನ್ನೂ ನಾನೇ ಬರಿಗೈಯಲ್ಲಿ ಎತ್ತಿ ಇಟ್ಟೆ. ಮೊಟ್ಟೆ ಹೊಸ್ತಿಲು ದಾಟದ ಮನೆಯಲ್ಲಿ ಬೆಳೆದವಳು, ನಿಮ್ಮಲ್ಲಿಗೆ ಬಂದ ಮೊದಲ ವಾರ ಕರವಸ್ತ್ರ ಸುತ್ತಿ ಹಿಡಿದಿದ್ದೆ. ಇಪ್ಪತ್ತೊಂದನೇ ದಿನ ಅಂದರೆ ಜನವರಿ ಮೂವತ್ತು. ಗೋಡೆಯ ಕ್ಯಾಲೆಂಡರಿನಲ್ಲಿ ಹುಡುಗಿಯರು ಆ ದಿನಕ್ಕೆ ಹಳದಿ ಬಣ್ಣ ಹಚ್ಚಿದ್ದಾರೆ.

ನಿಮ್ಮ
ವೃಂದಾ


ಹೂವಿನ ಹಿಪ್ಪರಗಿ
13 ಜನವರಿ 2025

ಚಿ. ವೃಂದಾಳಿಗೆ ಕಸ್ತೂರೆವ್ವನ ಆಶೀರ್ವಾದ.

ನಿನ್ನ ಪತ್ರ ಮುಟ್ಟಿತು. ಬಲ್ಬು ಮೊಟ್ಟೆಗೆ ತಾಯಿಯಾದೀತೇ ಎಂದು ಇವರು ಕೇಳಿದರು. ಕೇಳಿಸಲಿಲ್ಲ, ತುಟಿ ನೋಡಿ ತಿಳಿದುಕೊಂಡೆ. ಬಲ್ಬಿನ ಪಕ್ಕದಲ್ಲಿ ವೃಂದಾ ಇದ್ದಾಳಲ್ಲ ಎಂದೆ.

ನೀರಿನ ಬಟ್ಟಲು ಒಣಗಲು ಬಿಡಬೇಡ. ಎಣ್ಣೆ ಹತ್ತಿದ ಕೈಯಲ್ಲಿ ಮೊಟ್ಟೆ ಮುಟ್ಟಬಾರದು, ಉಸಿರು ಕಟ್ಟುತ್ತದೆ. ತಲೆಗೆ ಎಣ್ಣೆ ಹಚ್ಚಿಕೊಂಡ ಹುಡುಗಿಯರಿಗೆ ಸೋಪು ಹಚ್ಚಿ ಕೈ ತೊಳೆಯಲು ಹೇಳು. ಏಳನೇ ದಿನ ಪರೀಕ್ಷೆ ಮಾಡುತ್ತೇನೆ ಎಂದು ಮೊಟ್ಟೆ ಕೇಳುವಾಗ ನೀನು ಹೇಳಿದ್ದೆ. ಮಾಡಿದ ದಿನವೇ ಪತ್ರ ಹಾಕು. ಎಷ್ಟು ಜೀವ ಹಿಡಿದಿವೆ, ಎಷ್ಟು ಇಲ್ಲ, ಅಂಕಿಯಲ್ಲಿ ಬರೆ.

ಇಲ್ಲಿಯ ಕೋಳಿಗಳ ವಿಷಯ ಬರೆಯುವಂಥದ್ದು ಏನಿಲ್ಲ. ನಾಳೆ ಸಂಕ್ರಮಣ. ಕುಸುರೆಳ್ಳು ಕಟ್ಟಿ ಇದರಲ್ಲೇ ಇಟ್ಟಿದ್ದೇನೆ, ಹುಡುಗಿಯರಿಗೆ ಎರಡೆರಡು ಕಾಳಾದರೂ ಬರಲಿ. ನಬಿಲಾಲನಿಗೆ ಈ ವಾರದಿಂದ ಮುದ್ದೇಬಿಹಾಳದ ಬಸ್ಸು ಹಾಕಿದ್ದಾರೆ, ಇನ್ನು ನಮಗೆ ಅಂಚೆಯೇ ಗತಿ.

ಕಸ್ತೂರೆವ್ವ


ಸಿಂದಗಿ
16 ಜನವರಿ 2025

ಪ್ರೀತಿಯ ಕಾಕು,

ಅಂಕಿ ಮೊದಲು: ಒಂಬತ್ತು ಜೀವ ಹಿಡಿದಿವೆ, ಮೂರು ಇಲ್ಲ.

ಪ್ರಯೋಗಶಾಲೆಯ ಪಕ್ಕದ ಸಾಮಾನಿನ ಕೋಣೆಯ ಕಿಟಕಿಗೆ ಕಂಬಳಿ ಕಟ್ಟಿ ಹಗಲಿನಲ್ಲೇ ಕತ್ತಲು ಮಾಡಿದೆವು. ರಟ್ಟಿಗೆ ರೂಪಾಯಿ ನಾಣ್ಯದಷ್ಟು ತೂತು, ಕೆಳಗೆ ನನ್ನ ಮೊಬೈಲಿನ ಬೆಳಕು, ಮೇಲೆ ಮೊಟ್ಟೆ. ಬಿಸಿಲಿಗೆ ಹಿಡಿದ ಬೆರಳ ತುದಿಯ ಹಾಗೆ ಮೊಟ್ಟೆ ಕೆಂಪಗಾಯಿತು. ಒಳಗೆ ಒಂದು ಕಪ್ಪು ಚುಕ್ಕೆ, ಅದರಿಂದ ನಾಲ್ಕೂ ಕಡೆಗೆ ಎಳೆ ಎಳೆಯಾಗಿ ರಕ್ತನಾಳ. ಉಸಿರು ಹಿಡಿದು ನೋಡಿದರೆ ಚುಕ್ಕೆಯ ನಡುವೆ ಮಿಡಿತ. ಎರಡರಲ್ಲಿ ಏನೂ ಇರಲಿಲ್ಲ, ಬೆಳಕು ಸುಮ್ಮನೆ ಹಾದುಹೋಯಿತು. ಇನ್ನೊಂದರಲ್ಲಿ ಉಂಗುರದಂಥ ರಕ್ತದ ಗೆರೆ. ಅದು ಶುರುವಾಗಿ ನಿಂತುಹೋದದ್ದು.

ಒಬ್ಬ ಹುಡುಗಿ ಕೇಳಿದಳು: "ಟೀಚರ್, ನಾವು ನೋಡಾಕತ್ತೇವಿ ಅಂತ ಅದಕ್ಕ ಗೊತ್ತಾಗತೈತೇನ್ರಿ?" ಗೊತ್ತಾಗುವುದಿಲ್ಲ ಎಂದೆ. ಆದರೂ ಆಮೇಲೆ ಎಲ್ಲರೂ ಪಿಸುದನಿಯಲ್ಲೇ ಮಾತಾಡಿದರು, ನಾನೂ.

ಮರಿಗಳಿಗೆ ಈಗಲೇ ಬೇಡಿಕೆ ಬಂದಿದೆ. ಕಾವಲುಗಾರ ಚಂದ್ರಾಮ ಒಂದು ಹುಂಜ ಕೇಳಿದ್ದಾನೆ. ಉಳಿದವನ್ನು ಹುಡುಗಿಯರು ರಜೆಗೆ ಹೋಗುವಾಗ ಊರಿಗೊಂದರಂತೆ ಒಯ್ಯುವುದೆಂದು ಚೀಟಿ ಎತ್ತಿದ್ದೂ ಆಯಿತು. ನಿಮ್ಮ ಕೋಳಿ ಸಿಂದಗಿ ತಾಲ್ಲೂಕಿನ ಹಳ್ಳಿ ಹಳ್ಳಿಗೆ ಹೋಗುತ್ತದೆ, ನೋಡಿ.

ವೃಂದಾ


ಹೂವಿನ ಹಿಪ್ಪರಗಿ
20 ಜನವರಿ 2025

ವೃಂದಾ,

ಒಂಬತ್ತು ಎಂದು ಓದಿದೆ. ಒಂದು ಮರಿಯನ್ನೂ ಯಾರಿಗೂ ಕೊಡಬೇಡ. ಕಾವಲುಗಾರನಿಗೂ ಬೇಡ, ಹುಡುಗಿಯರಿಗೂ ಬೇಡ. ಕೊಡುತ್ತೇನೆಂದು ಮಾತು ಕೊಟ್ಟಿದ್ದರೆ ಹಿಂದಕ್ಕೆ ತೆಗೆದುಕೋ. ಹದಿನಾಲ್ಕನೇ ದಿನ ಮತ್ತೆ ಪರೀಕ್ಷೆ ಮಾಡಿ ಬರೆ.

ಕಸ್ತೂರೆವ್ವ


ಸಿಂದಗಿ
23 ಜನವರಿ 2025

ಕಾಕು,

ಈಗ ಎಂಟು. ಒಂದರೊಳಗಿನ ನಾಳಗಳು ಮಸುಕಾಗಿದ್ದವು, ತೆಗೆದುಬಿಟ್ಟೆ.

ನಿಮ್ಮ ಕಾರ್ಡನ್ನು ತರಗತಿಯಲ್ಲಿ ಓದಿ ಹೇಳಲು ನನಗೆ ಆಗಲಿಲ್ಲ. ಚೀಟಿ ಎತ್ತಿದ್ದು ರದ್ದಾಯಿತು ಎಂದಷ್ಟೇ ಹೇಳಿದೆ. ಇಬ್ಬರು ಅತ್ತರು. ನೀವು ಮೊಟ್ಟೆ ಕೊಟ್ಟಾಗ ವಾಪಸು ಕೇಳುವಿರೆಂದು ನನಗೆ ತಿಳಿದಿರಲಿಲ್ಲ. ತಿಳಿದಿದ್ದರೆ ಮಕ್ಕಳಲ್ಲಿ ಆಸೆ ಹುಟ್ಟಿಸುತ್ತಿರಲಿಲ್ಲ. ನಿಮ್ಮ ವಸ್ತು ನಿಮ್ಮದು. ಎಷ್ಟು ಮರಿಯಾದವೋ ಅಷ್ಟನ್ನೂ ನಿಮಗೆ ಮುಟ್ಟಿಸುವ ವ್ಯವಸ್ಥೆ ಮಾಡುತ್ತೇನೆ.

ವೃಂದಾ


ಸಿಂದಗಿ
27 ಜನವರಿ 2025

ಪ್ರೀತಿಯ ಕಾಕು,

ಹೋದ ಸಲ ಒರಟಾಗಿ ಬರೆದೆ. ಅದನ್ನು ಹರಿದು ಹಾಕಿ.

ನಿನ್ನೆ ಗಣರಾಜ್ಯೋತ್ಸವ. ಏಳಕ್ಕೇ ಹೊರಟು ತಾಲ್ಲೂಕು ಮೈದಾನಕ್ಕೆ ಹೋದೆವು. ನಮ್ಮ ಹುಡುಗಿಯರ ಲೇಜಿಮ್‌ಗೆ ಎರಡನೇ ಬಹುಮಾನ ಬಂತು. ಬಿಸಿಲು ಚೆನ್ನಾಗಿತ್ತು. ಮೊಟ್ಟೆಗಳು ಪೆಟ್ಟಿಗೆಯಲ್ಲಿವೆ.

ನಿಮ್ಮ ಆರೋಗ್ಯ ನೋಡಿಕೊಳ್ಳಿ. ಹೊತ್ತಿಗೆ ಸರಿಯಾಗಿ ಊಟ ಮಾಡುತ್ತಿದ್ದೀರೋ ಇಲ್ಲವೋ ಬರೆಯಿರಿ.

ನಿಮ್ಮ
ವೃಂದಾ


ಹೂವಿನ ಹಿಪ್ಪರಗಿ
27 ಜನವರಿ 2025

ಚಿ. ವೃಂದಾಳಿಗೆ ಆಶೀರ್ವಾದ.

ಇಪ್ಪತ್ತಮೂರರ ಪತ್ರ ಬಂತು. ನಿನಗೆ ಸಿಟ್ಟು ಬಂದಿದೆ. ಸಿಟ್ಟು ಬಂದಾಗ ನೀನು ಪೆನ್ನು ಒತ್ತಿ ಬರೆಯುತ್ತೀ, ಹಾಳೆಯ ಹಿಂದೆ ಕೈಯಾಡಿಸಿದರೆ ಅಕ್ಷರ ಸಿಗುತ್ತವೆ. ಕಾರಣವಿಲ್ಲದೆ ನಾನು ಮಕ್ಕಳ ಆಸೆಗೆ ಅಡ್ಡ ಬರುವವಳಲ್ಲ. ಕಾರಣ ಆಮೇಲೆ ಹೇಳುತ್ತೇನೆ.

ಈಗ ಕೊನೆಯ ದಿನಗಳ ಮಾತು. ಇನ್ನು ತಿರುಗಿಸಬೇಡ. ಪೆಟ್ಟಿಗೆಯಲ್ಲಿ ಇನ್ನೊಂದು ಬಟ್ಟಲು ನೀರು ಇಡು. ಮರಿ ಮೊಟ್ಟೆ ತುಂಬಿದ ಮೇಲೆ ನಿನ್ನ ದೀಪದಲ್ಲಿ ಕತ್ತಲೆಯೇ ಕಾಣುತ್ತದೆ, ಅದಕ್ಕೆ ಹೆದರಬೇಡ. ಜೀವ ಇದೆಯೋ ಇಲ್ಲವೋ ಎಂಬ ಅನುಮಾನ ಬಂದರೆ ನಮ್ಮವ್ವ ಮಾಡುತ್ತಿದ್ದ ಹಾಗೆ ಮಾಡು. ಅಗಲ ಬಾಯಿಯ ಪಾತ್ರೆಯಲ್ಲಿ ಉಗುರುಬೆಚ್ಚಗಿನ ನೀರು ಹಾಕು. ಕೂಸಿಗೆ ಎರೆಯುವ ಮೊದಲು ಮೊಣಕೈ ಅದ್ದಿ ನೋಡುತ್ತೇವಲ್ಲ, ಅಷ್ಟು ಬಿಸಿ. ಚಿಪ್ಪು ಎಲ್ಲಿಯೂ ಬಿರಿದಿಲ್ಲ ಎಂದು ಮೊದಲು ನೋಡಿಕೋ, ಬಿರಿದದ್ದನ್ನು ನೀರಿಗೆ ಹಾಕಿದರೆ ಮರಿ ಮುಳುಗಿ ಸಾಯುತ್ತದೆ. ನೀರು ಪೂರ್ತಿ ನಿಂತ ಮೇಲೆ ಒಂದೊಂದಾಗಿ ಮೆಲ್ಲಗೆ ಬಿಡು. ತೇಲುತ್ತದೆ. ಜೀವವಿದ್ದದ್ದು ತಾನಾಗಿ ಕದಲುತ್ತದೆ. ಸತ್ತದ್ದು ಬಿಟ್ಟಲ್ಲೇ ಇರುತ್ತದೆ. ಎಣಿಸುತ್ತಾ ಕೂರು, ನೂರರವರೆಗೆ. ಅವಸರ ಮಾಡಬೇಡ. ಆಮೇಲೆ ಒರೆಸದೆ, ಬಟ್ಟೆಯ ಮೇಲೆ ನೀರು ಇಳಿಯಲು ಬಿಟ್ಟು, ಬೇಗ ಪೆಟ್ಟಿಗೆಗೆ ಇಡು.

ಮೊದಲು ನಾನು ಮೊಟ್ಟೆಯನ್ನು ಕಿವಿಗೆ ಹಿಡಿದು ಟಕ್ ಟಕ್ ಕೇಳುತ್ತಿದ್ದೆ. ಕಿವಿ ಹೋದ ಮೇಲೆ ನೀರಿನಲ್ಲೇ ನೋಡುವುದು.

ಕಸ್ತೂರೆವ್ವ


ಸಿಂದಗಿ
30 ಜನವರಿ 2025

ಕಾಕು,

ಇಂದು ಇಪ್ಪತ್ತೊಂದನೇ ದಿನ. ಒಂದು ಮೊಟ್ಟೆಯೂ ಬಿರಿದಿಲ್ಲ. ಹುಡುಗಿಯರು ಬೆಳಿಗ್ಗೆಯಿಂದ ಗಾಜಿಗೆ ಮೂಗು ಹಚ್ಚಿ ಕೂತಿದ್ದರು. ಈಗ ಅವರಾಗಿಯೇ ಎದ್ದು ಹೋಗಿದ್ದಾರೆ.

ತಪ್ಪು ನನ್ನದು. ಇಪ್ಪತ್ತೇಳಕ್ಕೆ ಬರೆದ ಪತ್ರದಲ್ಲಿ ಮುಚ್ಚಿಟ್ಟೆ. ಇಪ್ಪತ್ತಾರರ ಬೆಳಿಗ್ಗೆ ಧ್ವಜದ ಕಂಬದ ಹತ್ತಿರ ಮೈಕು ಹಚ್ಚಲು ಬಂದವರು ಪ್ರಯೋಗಶಾಲೆಯ ಕಡೆಯ ಮೇನ್ ಸ್ವಿಚ್ ಆರಿಸಿದ್ದರು, ತಿರುಗಿ ಹಾಕಲಿಲ್ಲ. ಹೊರಡುವ ಮೊದಲು ಒಂದು ಸಲ ಇಣುಕಬೇಕಾದವಳು ನಾನು, ಇಣುಕಲಿಲ್ಲ. ಮೈದಾನದಿಂದ ಬಂದಾಗ ಎರಡು ಗಂಟೆ. ಏಳು ತಾಸು. ಬಲ್ಬು ಆರಿತ್ತು, ಮೊಟ್ಟೆಗಳು ನೆರಳಲ್ಲಿ ಬಿದ್ದ ಕಲ್ಲಿನ ಹಾಗೆ ತಣ್ಣಗಿದ್ದವು. ಬಲ್ಬು ಹಾಕಿ, ಶಾಖ ಏರುವವರೆಗೂ ಎದುರಿಗೆ ಕೂತೆ.

ಅದೇ ಸಂಜೆ, ನಿಮ್ಮ ಮುಂದೆ ನಿಂತೇ ಹೇಳಿಬಿಡೋಣವೆಂದು ಬಸ್ ನಿಲ್ದಾಣಕ್ಕೆ ಹೋದೆ. ಅಲ್ಲಿ ಮುದ್ದೇಬಿಹಾಳದ ಬಸ್ಸಿನ ಹತ್ತಿರ ನಬಿಲಾಲ ಸಿಕ್ಕ. ಕಾಕುವಿನ ಕೋಳಿಗಳು ಹೇಗಿವೆ ಎಂದು ಮಾತಿಗೆ ಕೇಳಿದೆ. ಅವನು ನನ್ನ ಮುಖ ನೋಡಿದ.

"ನಿಮಗ ಗೊತ್ತಿಲ್ಲೇನ್ರಿ ಮೇಡಂ? ಅವ್ವಾರ ಮನ್ಯಾಗ ಈಗ ಒಂದು ಕೋಳಿನೂ ಇಲ್ರಿ. ಬ್ಯಾನಿ ಬಂದು ನಾಕ ದಿನದಾಗ ಎಲ್ಲಾ ಹೋದ್ವು. ನಿಮ್ಮ ಹತ್ತರ ಇರೂ ತತ್ತಿನ ಉಳಿದಿರೂದು."

ಬಸ್ಸು ಹತ್ತಲಿಲ್ಲ. ಯಾವ ಮುಖ ಹೊತ್ತು ಹತ್ತಲಿ? ಒಂದು ಮರಿಯನ್ನೂ ಯಾರಿಗೂ ಕೊಡಬೇಡ ಎಂದು ನೀವು ಬರೆದದ್ದನ್ನು ನಾನು ಜಿಪುಣತನವೆಂದು ತಿಳಿದಿದ್ದೆ, ಕಾಕು.

ಈಗ ದೀಪ ಹಿಡಿದರೆ ಎಲ್ಲವೂ ಕಪ್ಪು. ಬದುಕಿದ್ದರೂ ಕಪ್ಪು, ಸತ್ತಿದ್ದರೂ ಕಪ್ಪು. ನಮ್ಮ ಮುಖ್ಯೋಪಾಧ್ಯಾಯಿನಿ ಒಳ್ಳೆಯವರು. ವಾಸನೆ ಬರುವ ಮೊದಲು ಹೂಳಿಬಿಡೋಣ ಎಂದು ಮೆಲ್ಲಗೆ ಹೇಳಿದರು. ನಾಳೆ ಸಂಜೆ ಎಂದು ಒಪ್ಪಿಕೊಂಡಿದ್ದೇನೆ.

ವೃಂದಾ


ಸಿಂದಗಿ
2 ಫೆಬ್ರವರಿ 2025, ರವಿವಾರ

ಕಾಕು,

ಐದು. ಐದು ಮರಿ. ಇನ್ನು ಮುಂದೆ ಓದಿ.

ನೀರಿನ ಉಪಾಯ ಬರೆದ ನಿಮ್ಮ ಪತ್ರ ಶುಕ್ರವಾರ ಮಧ್ಯಾಹ್ನ ಬಂತು. ಸಂಜೆ ಹೂಳುವುದಿತ್ತು. ಬೇವಿನ ಗಿಡದ ಬುಡದಲ್ಲಿ ಚಂದ್ರಾಮ ತಗ್ಗು ತೋಡಿಯೂ ಆಗಿತ್ತು. ನಾನು ಪತ್ರವನ್ನು ಅರ್ಧ ಓದಿ ಅಡುಗೆಮನೆಗೆ ಓಡಿ, ಅನ್ನ ಬಸಿಯುವ ದೊಡ್ಡ ಬೋಗುಣಿ ತಂದೆ. ಮೊಣಕೈ ಅದ್ದಿ ನೋಡಿದೆ. ಚಿಪ್ಪುಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದೆವು, ಒಂದೂ ಬಿರಿದಿರಲಿಲ್ಲ. ಮೂವತ್ತೊಂದು ಜನ ಹುಡುಗಿಯರು ಮೇಜಿನ ಸುತ್ತ ನಿಂತರು.

ಮೊದಲನೆಯದನ್ನು ಬಿಟ್ಟು ನೂರು ಎಣಿಸಿದೆವು. ಕದಲಲಿಲ್ಲ. ಎರಡನೆಯದಕ್ಕೂ ನೂರು. ಅದೂ ಇಲ್ಲ. ಮೂರನೆಯದನ್ನು ಅವಸರದಲ್ಲಿ ಬಿಟ್ಟೆ, ನೀರೆಲ್ಲ ಅಲುಗಿತು. ನೀರು ನಿಲ್ಲುವವರೆಗೆ ಕಾದೆವು. ಮೂವತ್ತೋ ನಲವತ್ತೋ ಎಣಿಸಿದ್ದೆವು, ಯಾರೋ ಒಳಗಿನಿಂದ ಭುಜ ತಾಕಿಸಿದ ಹಾಗೆ ಮೊಟ್ಟೆ ಒಂದು ಸಲ ಕದಲಿತು. ಸುತ್ತ ಸಣ್ಣ ಉಂಗುರವೆದ್ದು ಬೋಗುಣಿಯ ಅಂಚಿಗೆ ಹೋಯಿತು.

ಮೇಜಿಗೆ ಅಂಟಿಕೊಂಡು ನಿಂತಿದ್ದ ಹುಡುಗಿ ಎರಡೂ ಕೈ ಮೇಲೆತ್ತಿ, "ಟೀಚರ್, ನಾ ಟೇಬಲ್ ಮುಟ್ಟಿಲ್ರಿ" ಎಂದಳು.

ಎಂಟರಲ್ಲಿ ಐದು ಕದಲಿದವು. ಮೂರು ಸುಮ್ಮನಿದ್ದವು. ಅವಕ್ಕೆ ಇನ್ನೂರು, ಮುನ್ನೂರು ಎಣಿಸಿದರೂ ಇಲ್ಲ. ಮುಖ್ಯೋಪಾಧ್ಯಾಯಿನಿಯೂ ಎಣಿಸುತ್ತಿದ್ದರು.

ನಿನ್ನೆ, ಇಪ್ಪತ್ತಮೂರನೇ ದಿನ, ಬೆಳಿಗ್ಗೆ ಪ್ರಾರ್ಥನೆಯ ಹೊತ್ತಿಗೆ ಮೊದಲನೆಯದು ಬಿರಿಯಿತು. ಸಂಜೆ ನಾಲ್ಕರೊಳಗೆ ಐದೂ ಹೊರಗೆ. ತಣ್ಣಗಾದದ್ದಕ್ಕೆ ತಡವಾಗಿದೆ ಅಷ್ಟೇ. ಒದ್ದೆ ಇದ್ದಾಗ ನೋಡಲು ಚೆನ್ನಾಗಿರಲಿಲ್ಲ. ಇಂದು ಒಣಗಿ, ಬೂದಿ ಬಣ್ಣದ ಉಣ್ಣೆ ಉಂಡೆಗಳಾಗಿವೆ. ಉಳಿದ ಮೂರನ್ನು ಬೇವಿನ ಬುಡದಲ್ಲಿ ಹೂಳಿದೆವು.

ನನಗೆ ಬಯ್ಯುವುದಿದ್ದರೆ ಈಗ ಬಯ್ಯಿರಿ, ತಡೆದುಕೊಳ್ಳುತ್ತೇನೆ.

ವೃಂದಾ


ಹೂವಿನ ಹಿಪ್ಪರಗಿ
3 ಫೆಬ್ರವರಿ 2025

ವೃಂದಾ, ಮಗಳೇ,

ಮೂವತ್ತಕ್ಕೆ ಬರೆದ ನಿನ್ನ ಪತ್ರ ಈಗ ಓದಿದೆ. ಇಷ್ಟರಲ್ಲಿ ನೀನು ಅವನ್ನು ಹೂಳಿರಬೇಕು. ಹೂಳಿದ್ದರೆ ಹೂಳಿದೆ. ಮೊಟ್ಟೆ ಹೋದರೆ ಕೋಳಿ ಹೋಯಿತು, ನೀನೇಕೆ ಮುಖ ಮುಚ್ಚಿಕೊಳ್ಳಬೇಕು? ಇಪ್ಪತ್ತೇಳರ ಪತ್ರದಲ್ಲಿ ನೀನು ಮೊಟ್ಟೆ ಪೆಟ್ಟಿಗೆಯಲ್ಲಿವೆ ಎಂದು ಬರೆದಿದ್ದೆ, ಚೆನ್ನಾಗಿವೆ ಎಂದು ಬರೆದಿರಲಿಲ್ಲ. ಏನೋ ಆಗಿದೆ ಎಂದು ಆಗಲೇ ತಿಳಿದೆ.

ನಾನೂ ಮುಚ್ಚಿಟ್ಟೆ. ಡಬ್ಬಿ ಕಳಿಸಿದ ಮೂರನೇ ದಿನ ಒಂದು ಹೇಟೆ ಕೋಳಿ ಕತ್ತು ತಿರುವಿಕೊಂಡು ಬಿತ್ತು. ನಾಲ್ಕು ದಿನದಲ್ಲಿ ಇಪ್ಪತ್ತಮೂರೂ ಹೋದವು. ಬಸವನ ಬಾಗೇವಾಡಿಯಿಂದ ಡಾಕ್ಟರು ಬಂದರು, ಅಷ್ಟರಲ್ಲಿ ಎರಡೇ ಉಳಿದಿದ್ದವು. ಇವರು ಸುಣ್ಣ ಹಾಕಿ ಹೂಳಿದರು. ಕೊತ್ತಂಬರಿ ಕೆದರುತ್ತವೆ ಎಂದು ದಿನಾ ಬಯ್ಯುತ್ತಿದ್ದವರು, ಹೂಳಿ ಬಂದು ಎರಡು ದಿನ ಮಾತಾಡಲಿಲ್ಲ. ನನಗೆ ಕೇಳಿಸುವುದಿಲ್ಲ ನಿಜ, ಮಾತಾಡದಿದ್ದರೆ ಗೊತ್ತಾಗುತ್ತದೆ.

ನಲವತ್ತೆರಡು ವರ್ಷದ ಹಿಂದೆ ಮದುವೆಯಾಗಿ ಬಂದಾಗ ನಮ್ಮವ್ವ ಮುದ್ದೇಬಿಹಾಳದ ಕಡೆಯ ಒಂದು ಹೇಟೆ, ಒಂದು ಹುಂಜ ಬುಟ್ಟಿಯಲ್ಲಿ ಕೊಟ್ಟು ಕಳಿಸಿದ್ದಳು. ಅದೇ ಸಂತಾನ. ಬೇರೆ ಕಡೆಯಿಂದ ತಂದು ಕೂಡಿಸಲಿಲ್ಲ.

ನಿನಗೆ ಏಕೆ ಹೇಳಲಿಲ್ಲವೆಂದರೆ, ಹೇಳಿದ್ದರೆ ಮೊಟ್ಟೆ ತಿರುಗಿಸುವಾಗ ನಿನ್ನ ಕೈ ನಡುಗುತ್ತಿತ್ತು. ಮಕ್ಕಳು ನಗುತ್ತಾ ಸಾಕುವುದು ಬೇರೆ, ಹೆದರಿ ಸಾಕುವುದು ಬೇರೆ.

ಹದಿನೈದು ದಿನ ನಾನು ದಿನಾ ಅಂಚೆಯವನ ದಾರಿ ನೋಡಿದೆ. ನೀನು ಒಂಬತ್ತು ಎಂದೆ, ಎಂಟು ಎಂದೆ. ಆ ದಿನಗಳು ಚೆನ್ನಾಗಿ ಕಳೆದವು. ಅಷ್ಟು ಸಾಕು.

ಉಂಡು ಮಲಗು.

ಕಸ್ತೂರೆವ್ವ

ಇಪ್ಪತ್ತೇಳರ ನನ್ನ ಪತ್ರ ಮುಟ್ಟಿತೇ ಇಲ್ಲವೇ? ನೀರಿನ ವಿಷಯ ಬರೆದಿದ್ದೆ.


ಸಿಂದಗಿ
10 ಫೆಬ್ರವರಿ 2025

ಪ್ರೀತಿಯ ಕಾಕು,

ನಿಮ್ಮ ಪತ್ರವೂ ನನ್ನ ಪತ್ರವೂ ದಾರಿಯಲ್ಲಿ ಎಲ್ಲೋ ಒಂದನ್ನೊಂದು ದಾಟಿ ಹೋದವು. ನನ್ನದನ್ನು ಓದಿ ಪರಪ್ಪ ಕಾಕಾ ಫೋನ್ ಮಾಡಿದ್ದರು. ಅವರಾಗಿ ಫೋನ್ ಮಾಡಿದ್ದು ಇದೇ ಮೊದಲು. "ಐದಂತ?" ಎಂದರು. ಹೌದ್ರಿ ಎಂದೆ. "ಹೇಳ್ತೇನಿ" ಎಂದು ಇಟ್ಟರು. ಹೇಳಿದರೇ?

ನಿಮ್ಮ ಗೂಡಿಗೆ ಸುಣ್ಣ ಬಳಿದು ಒಂದೂವರೆ ತಿಂಗಳು ಖಾಲಿ ಬಿಡಬೇಕೆಂದು ಇಲ್ಲಿಯ ಪಶು ಆಸ್ಪತ್ರೆಯ ಡಾಕ್ಟರು ಹೇಳಿದರು. ಮರಿಗಳ ಕಣ್ಣಿಗೆ ಲಸಿಕೆಯ ಹನಿ ಹಾಕಿಸಿದ್ದೇನೆ. ಮಾರ್ಚ್ ನಡುವಿನವರೆಗೆ ಇವು ನನ್ನ ಕ್ವಾರ್ಟರ್ಸಿನಲ್ಲೇ ಇರುತ್ತವೆ. ಚೀಟಿ ಏಕೆ ರದ್ದಾಯಿತೆಂದು ಹುಡುಗಿಯರಿಗೆ ಎಲ್ಲವನ್ನೂ ಹೇಳಿದೆ. ಕಾವಲಿಗೆ ಹೊಸ ಪಾಳಿ ತಯಾರಾಯಿತು.

ಈ ನಡುವೆ ಇಂಡಿಯಿಂದ ನನ್ನ ಹೆತ್ತ ಆಯಿ ರಂಗೂಬಾಯಿ ಬಂದಿದ್ದಾಳೆ. ಅವಳ ಮಡಿಯ ವಿಷಯ ಇಂಡಿಯ ಅರ್ಧ ಪೇಟೆಗೆ ಗೊತ್ತು. ಬಾಗಿಲಲ್ಲೇ ನಿಂತು ಪೆಟ್ಟಿಗೆ ನೋಡಿದಳು. ದೇವರ ಪೀಠವನ್ನು ಒಳಕೋಣೆಗೆ ಸರಿಸಿದಳು. ಮೂರನೇ ದಿನ ಶಾಲೆಯಿಂದ ಬಂದರೆ, ಸೆರಗು ಕಟ್ಟಿಕೊಂಡು ಕಲ್ಲಿನಲ್ಲಿ ಜೋಳ ಒಡೆಯುತ್ತಾ ಕೂತಿದ್ದಾಳೆ.

"ಹಸದ ಜೀವಕ್ಕ ಮಡಿ ಏನು ತಿಳೀತದ" ಎಂದಳು. "ನನ್ನ ಸೀರಿ ಮ್ಯಾಲೆ ಮಾತ್ರ ಬರಬಾರದು."

ಬೂದಿ ಬಣ್ಣದ ಒಂದು ಮರಿ ಆಗಲೇ ಸೀರೆಯ ನೆರಿಗೆಯೊಳಗೆ ಸೇರಿತ್ತು. ಅವಳು ನೋಡಿಯೂ ನೋಡದಂತೆ ಜೋಳ ಒಡೆದಳು.

ನಿಮ್ಮ
ವೃಂದಾ


ಹೂವಿನ ಹಿಪ್ಪರಗಿ
18 ಮಾರ್ಚ್ 2025

ಚಿ. ವೃಂದಾಳಿಗೆ ಆಶೀರ್ವಾದ.

ಸಿಂದಗಿಯಿಂದ ಸುಖವಾಗಿ ಊರು ಮುಟ್ಟಿದೆ. ಬುಟ್ಟಿಯನ್ನು ತೊಡೆಯ ಮೇಲೇ ಇಟ್ಟುಕೊಂಡು ಬಂದೆ. ಮೂರು ಹೇಟೆ, ಒಂದು ಹುಂಜ, ನಾಲ್ಕೂ ಗೂಡು ಸೇರಿವೆ. ಐದನೆಯದು, ಇನ್ನೊಂದು ಹುಂಜ, ನಿಮ್ಮ ಚಂದ್ರಾಮನಲ್ಲಿ ಚೆನ್ನಾಗಿರಲಿ.

ರವಿವಾರ ನಿನ್ನ ಹುಡುಗಿಯರು ನನ್ನ ಮುಂದೆ ಪಾಟಿ ಹಿಡಿದು ಸರದಿ ನಿಂತದ್ದು ಕಣ್ಣಲ್ಲೇ ಇದೆ. ಪ್ರಶ್ನೆ ಬರೆಯುವುದು, ನಾನು ಓದಿ ಹೇಳುವುದು, ಅಳಿಸುವುದು. ಕಿವಿ ಹೋದ ಮೇಲೆ ಒಂದೇ ದಿನ ಇಷ್ಟು ಜನರ ಜೊತೆ ಮಾತಾಡಿರಲಿಲ್ಲ. ಚೀಟಿ ಗೆದ್ದವರ ಹೆಸರುಗಳನ್ನು ಬರೆದುಕೊಂಡು ಬಂದಿದ್ದೇನೆ. ಅವರಿಗೆ ಸಲ್ಲಬೇಕಾದ್ದು ಸಲ್ಲುತ್ತದೆ, ಸ್ವಲ್ಪ ತಡೆಯಬೇಕು. ನಿಮ್ಮ ಆಯಿ ಕೊಟ್ಟ ಮೆಂತ್ಯದ ಹಿಟ್ಟನ್ನು ಇವರು ಎರಡು ದಿನದಲ್ಲಿ ಮುಗಿಸಿದರು.

ಕಸ್ತೂರೆವ್ವ


ಹೂವಿನ ಹಿಪ್ಪರಗಿ
9 ನವೆಂಬರ್ 2025

ಚಿ. ವೃಂದಾಳಿಗೆ ಆಶೀರ್ವಾದ.

ದೊಡ್ಡ ಹೇಟೆ ಕಾವಿಗೆ ಕೂತು ಇಂದಿಗೆ ಎಂಟು ದಿನ. ಕೆಳಗೆ ಹನ್ನೊಂದು ಮೊಟ್ಟೆ ಇಟ್ಟಿದ್ದೇನೆ. ನಾನಾಗಿದ್ದರೆ ಕೊನೆಯ ವಾರದವರೆಗೆ ಸುಮ್ಮನಿರುತ್ತಿದ್ದೆ. ಇವರು ಬಿಡಲಿಲ್ಲ. ದೀಪಾವಳಿಗೆ ಮಗ ಕೊಟ್ಟ ಮೊಬೈಲಿನಲ್ಲಿ ಬೆಳಕು ಬರುತ್ತದೆಂದು ಯಾರೋ ತೋರಿಸಿಕೊಟ್ಟಿದ್ದಾರೆ. ಮಧ್ಯಾಹ್ನ ಹೇಟೆ ನೀರು ಕುಡಿಯಲು ಎದ್ದಾಗ ನನ್ನ ಕೈ ಹಿಡಿದು ಜೋಳದ ಕೋಣೆಗೆ ಕರೆದೊಯ್ದು ಬಾಗಿಲು ಹಾಕಿದರು. ರಟ್ಟಿಗೆ ತೂತು ಮೊದಲೇ ಮಾಡಿಟ್ಟಿದ್ದರು.

ಇಷ್ಟು ವರ್ಷ ಕೋಳಿ ಸಾಕಿದೆ, ವೃಂದಾ. ಮೊಟ್ಟೆಯಲ್ಲಿ ಜೀವವಿದೆ ಎಂಬುದನ್ನು ಕೇಳಿ ತಿಳಿದೆ, ನೀರಿನಲ್ಲಿ ನೋಡಿ ತಿಳಿದೆ. ಅದು ಮಿಡಿಯುವುದನ್ನು ಕಂಡಿರಲಿಲ್ಲ. ಸಾಸಿವೆ ಕಾಳಿನಷ್ಟು ಇದೆ. ಅಷ್ಟಿದ್ದೂ ನಿಲ್ಲುವುದಿಲ್ಲ.

ಹನ್ನೊಂದರಲ್ಲಿ ಹತ್ತು ಜೀವ ಹಿಡಿದಿವೆ. ಚೀಟಿ ಗೆದ್ದ ನಿನ್ನ ಹುಡುಗಿಯರಿಗೆ ಇವುಗಳಲ್ಲಿ ಎಂಟು. ಇವರು ಇನ್ನೊಂದು ಸಲ ಮೊದಲಿನಿಂದ ನೋಡೋಣ ಎಂದರು. ಮೊಟ್ಟೆ ತಣ್ಣಗಾಗುತ್ತವೆ ಎಂದು ನಾನೇ ಅವರ ಕೈಯಿಂದ ಮೊಬೈಲು ಕಸಿದು, ಬಾಗಿಲು ತೆಗೆದು, ಎಲ್ಲವನ್ನೂ ಒಯ್ದು ಹೇಟೆಯ ಕೆಳಗೆ ಇಟ್ಟು ಬಂದೆ.

ಕಸ್ತೂರೆವ್ವ